ಬೆಕ್ಕು ಚೆನ್ನಾಗಿದೆ

ನಾಯಿ ಕಚ್ಚಿದ್ದರೆ ಮರ್ಯಾದೆ ಇರುತ್ತಿತ್ತು. ಹಾವು ಕಚ್ಚಿದ್ದರೆ ನಾಲ್ಕು ಜನ ಹೊತ್ತುಕೊಂಡು ಓಡುತ್ತಿದ್ದರು. ನನಗೆ ಕಚ್ಚಿದ್ದು ಬೆಕ್ಕು. ಅದೂ ಬಾಣಂತಿ ಬೆಕ್ಕು. ಕೇಳಿದವರೆಲ್ಲ ಮೊದಲು ನಕ್ಕರು. ನಕ್ಕು ಮುಗಿದ ಮೇಲೆ ಬೆಕ್ಕು ಹೇಗಿದೆ ಅಂತ ವಿಚಾರಿಸಿದರು.

ನಾನು ಫರ್ನಿಚರ್ ಅಂಗಡಿಯಲ್ಲಿ ಪಾಲಿಶ್ ಮಾಡುವವನು. ಅಂಗಡಿಯ ಹಿಂದೆ ತಗಡಿನ ಶೆಡ್ಡು. ಅಲ್ಲಿ ಉಪ್ಪುಕಾಗದ ಹಿಡಿದು ಮರ ಉಜ್ಜುತ್ತೇನೆ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಲ್ಲಿ ಬಳಿಯುತ್ತೇನೆ. ಒಣಗಿದ ಮೇಲೆ ಮತ್ತೆ ಉಜ್ಜುತ್ತೇನೆ. ಉಜ್ಜಿ ಉಜ್ಜಿ ಬೆರಳಿನ ಗೆರೆಗಳೇ ಅಳಿಸಿಹೋಗಿವೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರ ನನ್ನನ್ನು ಮನುಷ್ಯ ಅಂತ ಒಪ್ಪುವುದಿಲ್ಲ. ಮಧ್ಯಾಹ್ನದ ಮೇಲೆ ಡೆಲಿವರಿ. ನಾನು ಮತ್ತು ನನ್ನ ಹೆಂಡತಿಯ ಅಣ್ಣ, ಅಂದರೆ ಭಾವ, ಇಬ್ಬರೂ ಸೇರಿ ಬೀರು ಮಂಚ ಹೊತ್ತು ಜನರ ಮನೆಯ ಮೆಟ್ಟಿಲು ಹತ್ತುತ್ತೇವೆ. ಭಾವ ಮೇಲೆ ಹಿಡಿಯುತ್ತಾನೆ. ನಾನು ಕೆಳಗೆ. ಮೆಟ್ಟಿಲಿನ ನ್ಯಾಯ ಗೊತ್ತಲ್ಲ: ಮೇಲಿನವನಿಗೆ ಮಾತು, ಕೆಳಗಿನವನಿಗೆ ಭಾರ.

ನಾನೇ ಪಾಲಿಶ್ ಮಾಡಿದ ಸೋಫಾದ ಮೇಲೆ ನಾನು ಕೂತಿಲ್ಲ. ಕೂರಬಾರದು. ಸೋಫಾ ಸುತ್ತಿ ಬಂದ ರಟ್ಟನ್ನು ಬಿಚ್ಚಿ ನೆಲಕ್ಕೆ ಹಾಸಿಕೊಂಡು ಕೂರುತ್ತೇವೆ. ಹಣ್ಣು ಗಿರಾಕಿಗೆ, ಸಿಪ್ಪೆ ನಮಗೆ.

ಅಂಗಡಿಯಲ್ಲಿ ನನ್ನ ಹೆಸರು ಪಟಾಕಿ. ಸಿಟ್ಟು ಜಾಸ್ತಿ ಅಂತ ಇಟ್ಟದ್ದು. ಇಟ್ಟವರಿಗೆ ನಾನು ಎಲ್ಲಿ ಸಿಡಿಯುತ್ತೇನೆ ಅನ್ನುವುದೂ ಗೊತ್ತು. ಹೆಂಡತಿಯ ಮುಂದೆ ಸಿಡಿಯುತ್ತೇನೆ. ಬಸ್ಸಿನ ಕಂಡಕ್ಟರ್ ಮುಂದೆ ಸಿಡಿಯುತ್ತೇನೆ. ಯಜಮಾನರ ಮುಂದೆ ಮಾತ್ರ ನೆನೆದ ಪಟಾಕಿ. ಮನೆಯಲ್ಲಿ ಹುಲಿ, ಅಂಗಡಿಯಲ್ಲಿ ಇಲಿ. ಇಲಿಯನ್ನು ಬೆಕ್ಕು ಕಚ್ಚಿದರೆ ಅದರಲ್ಲೇನು ವಿಶೇಷ?

ಪಾಲಿಶ್, ಡೆಲಿವರಿ ಬಿಟ್ಟು ನನಗೆ ಇನ್ನೊಂದು ಕೆಲಸ ಇತ್ತು. ಅದನ್ನು ಯಾರೂ ಕೊಟ್ಟದ್ದಲ್ಲ, ತಾನಾಗಿ ಬಂದದ್ದು. ಶೆಡ್ಡಿನಲ್ಲಿ ಇಲಿ ಸತ್ತರೆ ನನ್ನನ್ನು ಕೂಗುತ್ತಾರೆ. ಬೋರ್ಡಿನ ಹಿಂದೆ ಪಾರಿವಾಳ ಸತ್ತರೆ ಕೂಗುತ್ತಾರೆ. ಅಂಗಡಿಯಲ್ಲಿ ಬಡಗಿ ಇದ್ದಾನೆ, ಡ್ರೈವರ್ ಇದ್ದಾನೆ, ಕುಶನ್ ಹೊಲಿಯುವವನು ಇದ್ದಾನೆ. ಎಲ್ಲರಿಗೂ ಎರಡೆರಡು ಕೈ ಇವೆ. ಆದರೂ ಸತ್ತದ್ದನ್ನು ಎತ್ತುವ ಕೈ ನನ್ನದು. ಏಕೆಂದರೆ ನಮ್ಮಪ್ಪ ಊರಿನಲ್ಲಿ ಸತ್ತ ದನ ಎಳೆಯುತ್ತಿದ್ದ. ಅವನಪ್ಪನೂ ಎಳೆಯುತ್ತಿದ್ದ. ನಾನು ಶಾಲೆ ಕಲಿತೆ, ಊರು ಬಿಟ್ಟೆ, ಕಸುಬು ಬದಲಾಯಿಸಿದೆ. ಆ ವಾಸನೆ ಮಾತ್ರ ನನಗಿಂತ ಮೊದಲೇ ಬಸ್ಸು ಹತ್ತಿ ಬಂದು ಈ ಊರಿನಲ್ಲಿ ಇಳಿದಿತ್ತು.

ಆ ದಿನ ಅಂಗಡಿಯ ಮಧ್ಯದಲ್ಲಿದ್ದ ದಿವಾನ್ ಮಂಚದಿಂದ ಕೆಟ್ಟ ನಾತ ಬಂತು. ದಿವಾನ್ ಅಂದರೆ ಹಲಗೆ ಎತ್ತಿದರೆ ಒಳಗೆ ಪೆಟ್ಟಿಗೆ ಇರುತ್ತದಲ್ಲ, ಅದು. ಯಜಮಾನರು ಮೂಗಿಗೆ ಕರವಸ್ತ್ರ ಹಿಡಿದು ಬಂದರು.

"ಬೆಕ್ಕು ಸತ್ತಿದೆ ಕಣೋ ಪಟಾಕಿ. ಮೊನ್ನೆಯಿಂದ ಒಂದು ಕರೀ ಬೆಕ್ಕು ಓಡಾಡ್ತಿತ್ತು. ಗಿರಾಕಿ ಬರೋದ್ರೊಳಗೆ ತೆಗಿ."

ನಾನು ಹಲಗೆಯನ್ನು ಒಂದು ಕೈಯಲ್ಲಿ ಎತ್ತಿದೆ. ಒಳಗೆ ಕತ್ತಲೆ. ಮೂಲೆಯಲ್ಲಿ ಬಾಲ ಕಂಡಿತು. ಬೇರೆ ಮನೆತನದವನಾಗಿದ್ದರೆ ಬಗ್ಗಿ ನೋಡುತ್ತಿದ್ದ. ಕೋಲಿನಿಂದ ತಿವಿಯುತ್ತಿದ್ದ. ನನಗೆ ಅದರ ಅಗತ್ಯ ಇರಲಿಲ್ಲ. ಸತ್ತದ್ದನ್ನು ಮುಖ ನೋಡಬೇಡ, ಬಾಲ ಹಿಡಿದು ಒಂದೇ ಸಲ ಎಳೆ ಅಂತ ಅಪ್ಪ ಕಲಿಸಿದ್ದ. ತಲೆತಲಾಂತರದ ವಿದ್ಯೆ. ಬಾಲ ಹಿಡಿದೆ. ಒಂದೇ ಸಲ ಎಳೆದೆ.

ಬೆಕ್ಕು ಬದುಕಿತ್ತು. ಸತ್ತಿದ್ದದ್ದು ಅದು ಮರಿಗಳಿಗೆ ಅಂತ ತಂದಿಟ್ಟಿದ್ದ ಇಲಿ.

ಹೆಬ್ಬೆರಳಿನ ಬುಡಕ್ಕೆ ಹಲ್ಲು ಇಳಿಯಿತು. ಬಿಡಲಿಲ್ಲ. ಕೈ ಝಾಡಿಸಿದರೆ ಬೆಕ್ಕೂ ಕೈಯ ಜೊತೆ ಮೇಲೆ ಬಂತು, ಕೆಳಗೆ ಹೋಯಿತು. ಹಲಗೆ ನನ್ನ ತಲೆಯ ಮೇಲೆ ಬಿತ್ತು. ಕುಶನ್ ಹೊಲಿಯುವವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ರಕ್ತ ಸೋಫಾದ ಕಡೆ ಚಿಮ್ಮೀತು ಅಂತ ಯಜಮಾನರು ಕೂಗಿದರು. ಅಷ್ಟರಲ್ಲೂ ನಾನು ಕೈಯನ್ನು ಅಂಗಿಯೊಳಗೆ ಮುಚ್ಚಿಕೊಂಡೆ. ಸೋಫಾ ಉಳಿಯಿತು.

ಶೆಡ್ಡಿಗೆ ಬಂದು ನಮ್ಮ ಮದ್ದು ಮಾಡಿಕೊಂಡೆ. ಪಾಲಿಶ್‌ನವರಿಗೆ ಕೈ ಕೊಯ್ದರೆ ಒಂದೇ ಮದ್ದು, ಅರಗು. ಬಟ್ಟೆಯುಂಡೆ ಅದ್ದಿ ಗಾಯಕ್ಕೆ ಬಳಿದರೆ ಉರಿಯುತ್ತದೆ, ಆಮೇಲೆ ಗಾಜಿನ ಹಾಗೆ ಮುಚ್ಚಿಕೊಳ್ಳುತ್ತದೆ. ನಾಲ್ಕೂ ಹಲ್ಲಿನ ಗುರುತಿಗೆ ಎರಡು ಕೋಟು ಹೊಡೆದೆ. ಬೆಕ್ಕಿನ ಜೊಲ್ಲನ್ನು ಒಳಗಿಟ್ಟು ಮೇಲೆ ಹೊಳಪು ಕೊಟ್ಟೆ. ಮುರುಕು ಕುರ್ಚಿಗೂ ಹೀಗೇ ಅಲ್ಲವೇ ಮಾಡುವುದು? ಒಳಗಿನ ಹುಳ ಒಳಗೇ, ಹೊರಗೆ ಫಳಫಳ.

"ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸ್ಕೋ," ಅಂದ ಭಾವ. "ದೊಡ್ಡಾಸ್ಪತ್ರೇಲಿ ಬಿಟ್ಟಿ ಹಾಕ್ತಾರೆ."

"ಬೆಕ್ಕು ಕಚ್ತು ಅಂತ ಸಾಲಲ್ಲಿ ನಿಂತ್ಕೊಳ್ಲಾ? ನಾಯಿ ಕಚ್ಚಿದವರೆಲ್ಲ ನನ್ನನ್ನ ನೋಡಿ ನಗಲ್ವಾ?"

"ಹುಚ್ಚು ಹಿಡಿದು ಸತ್ರೆ ನಗಲ್ಲ. ಹೋಗಿ ಕೇಳು ಯಜಮಾನರನ್ನ."

ಕೇಳಿದೆ. ಕೇಳುವಾಗ ತಲೆ ಕೆರೆದುಕೊಂಡೆ, ಅದು ನನ್ನ ಶೌರ್ಯದ ರೀತಿ. ಯಜಮಾನರು ಕೆಟ್ಟವರಲ್ಲ. ಬೈಯಲಿಲ್ಲ. ಮೊಬೈಲ್ ತೆಗೆದು ಕನ್ನಡಕ ಏರಿಸಿ ಓದಿದರು.

"ನೋಡು, ಇಲ್ಲೇ ಹಾಕಿದಾರೆ. ಕಚ್ಚಿದ ಪ್ರಾಣೀನ ಹತ್ತು ದಿನ ನಿಗಾದಲ್ಲಿ ಇಡಬೇಕು. ಅದು ಚೆನ್ನಾಗಿದ್ರೆ ಕಚ್ಚಿಸ್ಕೊಂಡವನೂ ಚೆನ್ನಾಗಿರ್ತಾನೆ. ಈಗ ಸೀಸನ್ನು. ಆಸ್ಪತ್ರೆಗೆ ಹೋದ್ರೆ ಅರ್ಧ ದಿನ ಹೋಯ್ತು. ಒಂದೇ ಸಲಕ್ಕೆ ಮುಗಿಯೋದೂ ಅಲ್ಲ, ನಾಲ್ಕೈದು ಸಲ ಕರೀತಾರೆ. ಬೆಕ್ಕನ್ನ ನೋಡ್ಕೋ. ಅದಕ್ಕೆ ಏನೂ ಆಗದ ಹಾಗೆ ನೋಡ್ಕೋಬೇಕು, ತಿಳೀತಾ? ಅದು ತಪ್ಪಿಸ್ಕೊಂಡ್ರೆ ನಿಂಗೇ ಕಷ್ಟ."

ಅಂದರೆ ನನ್ನ ಪ್ರಾಣವನ್ನು ಬೆಕ್ಕಿನೊಳಗೆ ಇಟ್ಟು ಬೀಗದ ಕೈಯನ್ನು ನನಗೇ ಕೊಟ್ಟರು. ಅಜ್ಜಿ ಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಗಿಳಿಯಲ್ಲಿರುತ್ತಿತ್ತು. ನನ್ನದು ದಿವಾನ್ ಮಂಚದಲ್ಲಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಾಳೆ. ಗುಂಡಿ ಹೊಲಿದ ಹಾಗೇ ಮಾತಾಡುತ್ತಾಳೆ, ಚುಚ್ಚಿ ಚುಚ್ಚಿ.

"ಬೆಕ್ಕು ಉಳಿದ್ರೆ ನೀನು ಉಳೀತೀಯ?"

"ಹೂಂ."

"ಹಾಗಾದ್ರೆ ಇವತ್ತಿಂದ ನಾನು ಅನ್ನ ಹಾಕ್ಬೇಕಾದ್ದು ಆ ಬೆಕ್ಕಿಗೆ. ನೀನ್ಯಾಕೆ ಬಂದೆ? ಅದನ್ನೇ ಕಳಿಸ್ಬೇಕಿತ್ತು."

"ಯಜಮಾನರು ಓದಿ ಹೇಳಿದ್ರು."

"ಅವರ ಮಗಳನ್ನ ಕಚ್ಚಿದ್ರೂ ಓದ್ತಾ ಕೂರ್ತಿದ್ರಾ? ನನ್ನ ಮುಂದೆ ಪಾತ್ರೆ ಎಸೀತೀಯಲ್ಲ, ಆ ಕೈ ಎಲ್ಲಿ ಹೋಗಿತ್ತು?"

"ಬೆಕ್ಕಿನ ಬಾಯಲ್ಲಿತ್ತು," ಅಂದೆ. ಅವಳು ನಗಲಿಲ್ಲ.

ಮಾರನೆಯ ದಿನದಿಂದ ನಿಗಾ ಶುರುವಾಯಿತು. ಸೊಳ್ಳೆ ಜಾಲರಿ ಹೊಡೆದ ಹಳೆಯ ಅಡುಗೆಮನೆ ಬೀರು ಒಂದಿತ್ತು. ಬೆಕ್ಕನ್ನೂ ಎರಡು ಮರಿಗಳನ್ನೂ ಅದರೊಳಗೆ ಇಟ್ಟೆ. ನೆಲಕ್ಕೆ ರಟ್ಟು ಹಾಸಿದೆ. ನನ್ನ ರಟ್ಟೇ. ಬೆಕ್ಕು ಅದರ ಮೇಲೆ ಮಲಗಲಿಲ್ಲ. ಕಿರುಚಿತು. ಆ ಹೊತ್ತಿಗೆ ಕಾಲೇಜಿನಿಂದ ಬಂದ ಯಜಮಾನರ ಮಗಳು ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು.

"ಪಾಪ ಅಪ್ಪ, ಎಳೇ ಮರಿಗಳು. ನೆಲದ ಮೇಲೆ ಹೇಗೆ ಮಲಗ್ತಾವೆ?"

ಸಂಜೆಯೊಳಗೆ ಬೆಕ್ಕಿನ ಸಂಸಾರ ಅಂಗಡಿಯ ಮುಂಭಾಗದ ಮೂರು ಸೀಟಿನ ಸೋಫಾಕ್ಕೆ ಹೋಯಿತು. ಪ್ಲಾಸ್ಟಿಕ್ ಹಾಳೆಯ ಸದ್ದಿಗೆ ಮರಿಗಳು ಬೆಚ್ಚುತ್ತವೆ ಅಂತ ಹಾಳೆ ತೆಗೆಸಿದಳು. ತೆಗೆದವನು ನಾನೇ. ಆ ಸೋಫಾದ ಕೈಗಳನ್ನು ತಿಂಗಳುಗಟ್ಟಲೆ ಉಜ್ಜಿದವನೂ ನಾನೇ. ಬೆಕ್ಕು ಅದರ ಮೇಲೆ ಹೊರಳಿ, ಕಾಲು ಚಾಚಿ, ನನ್ನ ಕಡೆ ನೋಡಿ ಆಕಳಿಸಿತು.

ಆ ಆಕಳಿಕೆ ನನ್ನ ಎದೆ ಒಡೆಯಿತು. ಬಾಯಿ ಯಾಕೆ ಅಷ್ಟು ತೆರೆಯಿತು? ರೋಗವೇ? ಹಾಲು ಇಟ್ಟರೆ ಕುಡಿಯಿತು. ಸಮಾಧಾನ. ಮಾರನೆಯ ಮಧ್ಯಾಹ್ನ ಕುಡಿಯಲಿಲ್ಲ. ನಾನೂ ಊಟದ ಡಬ್ಬಿ ಮುಚ್ಚಿಟ್ಟೆ. ಆಮೇಲೆ ನೋಡಿದರೆ ಯಜಮಾನರ ಮಗಳು ಮೊದಲೇ ಕುಡಿಸಿದ್ದಳು. ಬೆಕ್ಕು ಸೀನಿದರೆ ನನಗೆ ಜ್ವರ. ಬೆಕ್ಕು ಓಡಿದರೆ ನಾನು ಹಿಂದೆ ಓಡುತ್ತಿದ್ದೆ, ಬಾಗಿಲು ಹಾಕಿ ಅಂತ ಕೂಗುತ್ತ. ಗಿರಾಕಿಗಳು ಬಂದರೆ ಸೋಫಾ ನೋಡುವುದು ಬಿಟ್ಟು ಮರಿಗಳ ಫೋಟೊ ತೆಗೆಯುತ್ತಿದ್ದರು. "ಎಷ್ಟು ಸಾಧು," ಅನ್ನುತ್ತಿದ್ದರು. ನಾನು ಕೈ ಬೆನ್ನಿನ ಹಿಂದೆ ಇಟ್ಟುಕೊಳ್ಳುತ್ತಿದ್ದೆ.

ಯಜಮಾನರು ಬೆಳಗ್ಗೆ ಬಂದ ಕೂಡಲೇ ಕೇಳುತ್ತಿದ್ದರು. "ಬೆಕ್ಕು ಹೇಗಿದೆಯೋ?"

"ಚೆನ್ನಾಗಿದೆ, ಯಜಮಾನ್ರೇ."

"ಸರಿ ಹಾಗಾದ್ರೆ. ಆ ಮಂಚ ಎತ್ತು."

ನನ್ನ ಕೈ ಹೇಗಿದೆ ಅಂತ ಯಾರೂ ಕೇಳಲಿಲ್ಲ. ಅದು ಊದಿತ್ತು. ಬೀರಿನ ಅಂಚು ಹಿಡಿದರೆ ಭುಜದವರೆಗೆ ಎಳೆಯುತ್ತಿತ್ತು. ಆದರೆ ಲೆಕ್ಕದಲ್ಲಿ ನಾನು ಚೆನ್ನಾಗಿದ್ದೆ, ಏಕೆಂದರೆ ಬೆಕ್ಕು ಚೆನ್ನಾಗಿತ್ತು.

ಹುಚ್ಚು ಹಿಡಿದವರಿಗೆ ನೀರು ಕಂಡರೆ ಭಯ ಅಂತ ಡ್ರೈವರ್ ಹೇಳಿದ. ಅವತ್ತಿನಿಂದ ಮನೆಗೆ ಬಂದವನೇ ಕೊಡದ ಮುಂದೆ ನಿಂತು ನೀರನ್ನು ದಿಟ್ಟಿಸುತ್ತಿದ್ದೆ. ಭಯ ಆಗುತ್ತಿದೆಯೇ? ಸ್ವಲ್ಪ ಆದ ಹಾಗಿತ್ತು. ಒಂದು ಲೋಟ ಕುಡಿದೆ. ಇಳಿಯಿತು. ಇನ್ನೊಂದು ಲೋಟ ಕುಡಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನು ಮಾಡ್ತಿದೀಯ?"

"ಬಾಯಾರಿಕೆ."

"ಸುಳ್ಳು. ನೀರಿಗೆ ಹೆದರ್ತೀಯೇನೋ ಅಂತ ನೋಡ್ಕೋತಿದೀಯ." ಅವಳ ದನಿ ಕೆಳಗಿಳಿಯಿತು. "ನೀನು ನೀರಿಗೆ ಹೆದರಲ್ಲ. ನೀನು ಹೆದರೋದು ಅಂಗಡಿಯವನಿಗೆ. ಅದಕ್ಕೆ ಸೂಜಿ ಇಲ್ಲ."

ಅವಳ ಮೇಲೆ ಕೂಗಾಡಿದೆ. ಲೋಟ ಎಸೆದೆ. ಎಸೆದ ಮೇಲೆ ಕೈ ನೋವಾಯಿತು. ಅವಳು ಲೋಟ ಎತ್ತಿಟ್ಟು ಗೋಡೆ ಕಡೆ ತಿರುಗಿ ಮಲಗಿದಳು. ಅಳುತ್ತಿದ್ದಳು ಅಂತ ಕಾಣುತ್ತದೆ. ನಾನು ಕೇಳಲಿಲ್ಲ. ಹುಲಿ ಅಲ್ಲವೇ ನಾನು.

ಒಂದು ವಾರದ ಹತ್ತಿರ ಬಂದಿತ್ತು. ಬೆಳಗ್ಗೆ ಅಂಗಡಿಗೆ ಒಬ್ಬ ದನಗಳ ಡಾಕ್ಟರ್ ಬಂದರು. ಹೆಂಗಸು, ಗಟ್ಟಿ ಆಳು, ಕಾಲಿಗೆ ರಬ್ಬರ್ ಬೂಟು. ಯಜಮಾನರ ಮಗಳು ಕರೆಸಿದ್ದಳು. ಬೆಕ್ಕು ಇನ್ನು ಅಂಗಡಿಯ ಬೆಕ್ಕು, ಅದಕ್ಕೆ ರೇಬಿಸ್ ಇಂಜೆಕ್ಷನ್ ಹಾಕಿಸಬೇಕು ಅಂತ.

ಸರಿಯಾಗಿ ಕೇಳಿಸಿತಾ? ಇಂಜೆಕ್ಷನ್ ಅಂಗಡಿಗೆ ಬಂತು. ನಡೆದುಕೊಂಡು ಬಂತು. ಬೆಕ್ಕಿಗೆ.

"ಪಟಾಕಿ, ಬಾ, ಕಾಲು ಹಿಡ್ಕೋ," ಅಂದರು ಯಜಮಾನರು.

ನಾನು ಹೋಗಿ ಹಿಡಿದುಕೊಂಡೆ. ಸೋಫಾದ ಮುಂದೆ ಮಂಡಿಯೂರಿ, ಬೆಕ್ಕಿನ ನಾಲ್ಕೂ ಕಾಲು ಹಿಡಿದು, ಅಲ್ಲಾಡದ ಹಾಗೆ. ನೋವಾಗಬಾರದು ಅಂತ ಮೆತ್ತಗೆ ಹಿಡಿದೆ. ನನ್ನಂಥ ಮುಠ್ಠಾಳ ಈ ಭೂಮಿಯ ಮೇಲೆ ಇನ್ನೊಬ್ಬ ಇರಲಿಕ್ಕಿಲ್ಲ. ಡಾಕ್ಟರಮ್ಮ ಸೂಜಿಗೆ ಔಷಧಿ ಎಳೆದುಕೊಂಡು ಬಗ್ಗಿದವರು ನನ್ನ ಕೈ ನೋಡಿ ನಿಂತುಬಿಟ್ಟರು.

"ಇದೇನು ಕೈಗೆ?"

"ಅರಗು, ಮೇಡಂ."

"ಅದರ ಕೆಳಗೆ?"

"ಬೆಕ್ಕು ಕಚ್ಚಿದ್ದು. ಇದೇ."

ಅವರು ಯಜಮಾನರ ಕಡೆ ನೋಡಿದರು. ಯಜಮಾನರು ಮುಂದೆ ಬಂದರು. "ನಿಗಾದಲ್ಲಿ ಇಟ್ಟಿದೀವಿ ಡಾಕ್ಟ್ರೇ. ಹತ್ತು ದಿನ. ಬೆಕ್ಕು ಚೆನ್ನಾಗಿದೆ."

"ಬೆಕ್ಕು ಚೆನ್ನಾಗಿದೆ, ಕಾಣ್ತಿದೆ. ಇವರಿಗೆ ಸೂಜಿ ಹಾಕಿಸಿದ್ರಾ?"

"ಬೆಕ್ಕಿಗೆ ಏನಾದ್ರೂ ಆದ್ರೆ ಹಾಕಿಸೋಣ ಅಂತ."

ಡಾಕ್ಟರಮ್ಮ ಸೂಜಿಯನ್ನು ಪೆಟ್ಟಿಗೆಗೆ ವಾಪಸ್ಸು ಹಾಕಿದರು. "ಕಚ್ಚಿದ ದಿನವೇ ಮನುಷ್ಯನಿಗೆ ಸೂಜಿ ಶುರು ಮಾಡ್ಬೇಕು. ಬೆಕ್ಕನ್ನ ನೋಡೋದು ಅದರ ಜೊತೆಗೆ, ಅದರ ಬದಲಿಗಲ್ಲ. ಹತ್ತು ದಿನ ಆದ್ಮೇಲೂ ಬೆಕ್ಕು ಚೆನ್ನಾಗಿದ್ರೆ ಉಳಿದ ಸೂಜಿ ಬೇಕೋ ಬೇಡವೋ ಅಂತ ಅಲ್ಲಿನ ಡಾಕ್ಟರ್ ಹೇಳ್ತಾರೆ. ನೀವು ತಲೆಕೆಳಗು ಮಾಡಿದೀರಿ. ರೋಗ ಮನುಷ್ಯನಿಗೆ ಏರಿದ್ಮೇಲೆ ಮದ್ದಿಲ್ಲ." ನನ್ನ ಕಡೆ ತಿರುಗಿದರು. "ಇವತ್ತೇ ಹೋಗಿ. ಈಗಲೇ. ನಿಗಾ ಮುಗಿಯೋವರೆಗೆ ನಾನು ಈ ಬೆಕ್ಕಿಗೆ ಹಾಕೋದಿಲ್ಲ."

ಅವರು ಹೋದರು. ನಾನು ಇನ್ನೂ ಬೆಕ್ಕಿನ ಕಾಲು ಹಿಡಿದೇ ಇದ್ದೆ.

"ಬೆಕ್ಕಿನ ಇಂಜೆಕ್ಷನ್ನೂ ತಪ್ಪಿಸಿದೆಯಲ್ಲೋ," ಅಂದರು ಯಜಮಾನರು. ತಮಾಷೆಗೇ ಅಂದರು. "ಸರಿ, ನಾಳೆ ಹೋಗಿ ಬಾ. ಇವತ್ತು ಮೂರು ಬಾಗಿಲ ಬೀರು ಹೋಗ್ಬೇಕು. ದೊಡ್ಡ ಗಿರಾಕಿ. ನಾನೂ ಬರ್ತೀನಿ."

"ಮೇಡಂ ಇವತ್ತೇ ಅಂದ್ರು."

"ಇಷ್ಟು ದಿನ ಇದ್ದೆ, ಇನ್ನೊಂದು ದಿನಕ್ಕೆ ಸಾಯ್ತೀಯಾ? ಎತ್ತು."

ನಾನು ಎತ್ತಿದೆ. ನಿಮಗೆ ನಾಚಿಕೆ ಆಗಬಹುದು, ನನಗೂ ಆಗುತ್ತದೆ. ಅಲ್ಲೇ ಸಿಡಿದಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಸಿಡಿಯಲಿಲ್ಲ. ತಲೆಗೆ ಬಟ್ಟೆಯ ಸಿಂಬಿ ಇಟ್ಟುಕೊಂಡು ಭಾವನ ಜೊತೆ ಬೀರು ಹೊತ್ತು ಗಾಡಿಗೆ ಹಾಕಿದೆ.

ಗಿರಾಕಿಯ ಮನೆ ಎರಡನೆಯ ಮಹಡಿಯಲ್ಲಿ. ಮೆಟ್ಟಿಲು ಕಿರಿದು, ಮಧ್ಯೆ ಒಂದು ತಿರುವು. ಯಜಮಾನರು ಮೊದಲೇ ಮೇಲೆ ಹೋಗಿ ನಿಂತರು, ಗೋಡೆ ಗೀಚಬೇಡಿ ಅನ್ನುತ್ತ. ಭಾವ ಮೇಲೆ ಹಿಡಿದ. ನಾನು ಕೆಳಗೆ. ಬೀರಿನ ಪೂರ್ತಿ ಭಾರ ಎದೆಗೆ ಬಂತು. ಊದಿದ ಕೈ ಅದರ ಅಡಿಯಲ್ಲಿ ಸಿಕ್ಕಿತ್ತು. ತಿರುವಿನಲ್ಲಿ ಬೀರನ್ನು ಓರೆ ಮಾಡಬೇಕು. ಓರೆ ಮಾಡುವಾಗ ಒಂದು ಗಳಿಗೆ ಅದು ಎರಡು ಗೋಡೆಗಳ ನಡುವೆ ತಾನೇ ನಿಲ್ಲುತ್ತದೆ. ಕೆಳಗಿನವನು ಉಸಿರು ಬಿಡುವುದು ಆ ಒಂದು ಗಳಿಗೆಯಲ್ಲಿ. ನಮ್ಮ ಕಸುಬಿನವರಿಗೆ ಮಾತ್ರ ಗೊತ್ತಿರುವ ಸುಖ ಅದು.

ಉಸಿರು ಬಿಟ್ಟೆ. ಅರಗು ಬಿರಿದು ಬೆರಳಿನ ಬುಡದಿಂದ ಕೀವು ಇಳಿಯುತ್ತಿತ್ತು. ಮೇಲಿನಿಂದ ದನಿ ಬಂತು.

"ಏನೋ ನಿಂತ್ಕೊಂಡೆ? ನೂಕು. ಕೈಗೇನಾಗಿದೆ?"

ಕೈಗೇನಾಗಿದೆ. ಇಷ್ಟು ದಿನದಲ್ಲಿ ಮೊದಲ ಸಲ ಕೇಳಿದರು. ಉತ್ತರ ಕೊಡದೆ ಇರುವುದು ಮರ್ಯಾದೆಯಲ್ಲ. ನಾನು ಕೈ ತೆಗೆದೆ. ಒಂದು ಮೆಟ್ಟಿಲು ಕೆಳಗಿಳಿದೆ. ಬೀರು ಅಲ್ಲಾಡಲಿಲ್ಲ. ಗೋಡೆಯಿಂದ ಗೋಡೆಗೆ ಬಿರಡೆಯ ಹಾಗೆ ಕೂತಿತ್ತು. ಮೇಲಿನಿಂದ ಕೆಳಗೆ ಬೆಕ್ಕು ಕೂಡ ಬರುವ ಹಾಗಿರಲಿಲ್ಲ.

"ಯಜಮಾನ್ರೇ, ನಾನು ಹೊರಟೆ."

"ಎಲ್ಲಿಗೆ?"

"ಸೂಜಿಗೆ."

ಬೀರಿನ ಆಚೆಯಿಂದ ಹಲಗೆಗೆ ಎರಡು ಸಲ ಬಡಿದರು. ಆಮೇಲೆ, "ಲೋ, ತಲೆ ಕೆಟ್ಟಿದೆಯಾ? ನಾವು ಇಳಿಯೋದು ಹೇಗೆ? ಮೊದ್ಲು ಇದನ್ನ ಹತ್ತಿಸು."

"ನಾನು ಹತ್ತಿಸಲ್ಲ."

"ಏನಂದೆ?"

"ಹತ್ತಿಸಲ್ಲ ಅಂದೆ. ಭಾರ ಇದೆ."

"ಪಟಾಕಿ," ಭಾವನ ದನಿ ಕೇಳಿತು, ಅಳುವೋ ನಗುವೋ ಗೊತ್ತಾಗಲಿಲ್ಲ, "ನಾನೂ ಇಲ್ಲೇ ಇದೀನಿ ಕಣೋ."

"ಇರು ಭಾವ. ಮೇಲೆ ಇದೀಯ, ಮಾತಾಡ್ತಾ ಇರು."

"ಬೀರು ಜಾರಿ ಬಿದ್ರೆ ಏನೋ ಗತಿ?" ಯಜಮಾನರ ದನಿ ನಡುಗಿತು. ಸಿಟ್ಟಿಗೋ ಬೀರಿನ ಮೇಲಿನ ಪ್ರೀತಿಗೋ.

ನಾನು ಯೋಚಿಸಿ ಹೇಳಿದೆ. ತಲೆ ಕೆರೆದುಕೊಳ್ಳಲಿಲ್ಲ. "ನಿಗಾದಲ್ಲಿ ಇಡಿ, ಯಜಮಾನ್ರೇ. ಬೀರು ಚೆನ್ನಾಗಿದ್ರೆ ನೀವೂ ಚೆನ್ನಾಗಿರ್ತೀರಿ."

ಮೆಟ್ಟಿಲಿಳಿದೆ. ವೀರನ ಹಾಗೆ ಇಳಿದೆ ಅಂತ ಬರೆದರೆ ಹೆಂಡತಿ ನಗುತ್ತಾಳೆ. ಬೀದಿಗೆ ಬಂದವನೇ ಗೋಡೆ ಹಿಡಿದು ವಾಂತಿ ಮಾಡಿಕೊಂಡೆ. ಕೊಳಾಯಿಯಲ್ಲಿ ನೀರು ಕುಡಿದೆ. ಆ ನೀರನ್ನು ನಾನು ದಿಟ್ಟಿಸಿ ನೋಡಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಸಾಲು ಇತ್ತು. ಮುಂದಿದ್ದವನಿಗೆ ನಾಯಿ ಕಚ್ಚಿತ್ತು. ನಿನಗೆ? ಅಂತ ಕೇಳಿದ. ಬೆಕ್ಕು ಅಂದೆ. ಅವನು ನಕ್ಕ. ನಾನೂ ನಕ್ಕೆ. ಅದರಿಂದ ಯಾರೂ ಸಾಯಲಿಲ್ಲ. ಇಷ್ಟಕ್ಕೆ ನಾನು ಇಷ್ಟು ದಿನ ಹೆದರಿದ್ದೆ.

ನರ್ಸಮ್ಮ ನನ್ನ ಕೈ ತಿರುಗಿಸಿ ನೋಡಿ ಪಕ್ಕದವಳನ್ನು ಕರೆದು ತೋರಿಸಿದಳು.

"ಗಾಯಕ್ಕೆ ಪಾಲಿಶ್ ಹೊಡೆದೋರು ಯಾರು?"

"ನಾನೇ. ಎರಡು ಕೋಟು."

"ಚೆನ್ನಾಗಿ ಹೊಡೆದಿದೀರಿ. ಸೋಪು ಹಾಕಿ ಕಾಲು ಗಂಟೆ ನೀರು ಬಿಡಬೇಕಿತ್ತು. ಅದು ಬಿಟ್ಟು ಬೀಗ ಹಾಕಿದೀರಿ." ಅರಗನ್ನು ಕೆರೆದು ತೆಗೆದಳು. ತೊಳೆದಳು. ತೋಳಿಗೆ ಒಂದು ಚುಚ್ಚಿದಳು. ಆಮೇಲೆ ಗಾಯದ ಸುತ್ತಲೂ, ಹಲ್ಲು ಇಳಿದಲ್ಲೆಲ್ಲ ಹುಡುಕಿ ಹುಡುಕಿ ಚುಚ್ಚಿದಳು. ಬೆಕ್ಕೇ ಮೇಲು ಅನ್ನಿಸಿತು.

"ಬೆಕ್ಕು ಹೇಗಿದೆ?" ಅಂದಳು.

ನನ್ನ ಮುಖ ನೋಡಿ ತಾನೇ ಅಂದಳು, "ಕೇಳ್ಲೇಬೇಕು. ಅದು ನಮ್ಮ ಕೆಲಸ. ತಡವಾಗಿ ಬಂದಿದೀರಿ. ಆದ್ರೂ ಬಂದಿರಲ್ಲ. ಹೋಗಿ ಆ ಬೆಂಚಿನ ಮೇಲೆ ಅರ್ಧ ಗಂಟೆ ಕೂತ್ಕೊಳ್ಳಿ. ಎದ್ದು ಹೋಗ್ಬೇಡಿ."

"ಯಾಕೆ?"

"ಸೂಜಿ ಆದ್ಮೇಲೆ ತಲೆ ಸುತ್ತಬಹುದು. ನಿಮ್ಮನ್ನ ನಿಗಾದಲ್ಲಿ ಇಡಬೇಕು."

ನಾನು ಅವಳನ್ನೇ ನೋಡಿದೆ. "ನನ್ನನ್ನಾ?"

"ಮತ್ತೆ ಬೆಕ್ಕನ್ನಾ? ಕೂತ್ಕೊಳ್ಳಿ."

ಕೂತೆ. ಬೆಂಚು ಮರದ್ದು. ಯಾರೋ ಕೆಲಸಗಳ್ಳ ಪಾಲಿಶ್ ಮಾಡಿದ್ದ. ಉಜ್ಜದೆ ಬಳಿದಿದ್ದ, ಅಲ್ಲಲ್ಲಿ ಬೊಕ್ಕೆ ಎದ್ದಿತ್ತು. ಕೈ ಬೆರಳು ತಾನಾಗಿ ಅದನ್ನು ಸವರಿತು. ಮೊಬೈಲ್ ಹೊಡೆದುಕೊಂಡಿತು. ಭಾವ.

"ಪಟಾಕಿ, ಯಜಮಾನ್ರು ಮೆಟ್ಟಿಲ ಮೇಲೆ ಕೂತಿದಾರೆ. ರಟ್ಟು ಹಾಸ್ಕೊಟ್ಟಿದೀನಿ. ಡ್ರೈವರ್‌ಗೆ ಫೋನ್ ಮಾಡಿದ್ರು, ಅವನು ಒಬ್ನೇ ಅಲ್ಲಾಡಿಸಕ್ಕಾಗಲ್ಲ ಅಂದ. ಕೆಳಗಡೆ ಹಿಡಿಯೋನು ಬೇಕಂತೆ. ಕೊಡ್ಲಾ ಅವರಿಗೆ?"

"ಕೊಡು."

ಫೋನು ಕೈ ಬದಲಾಯಿತು. ಉಸಿರು ಕೇಳಿತು.

"ಎಲ್ಲಿದೀಯ?" ಅಂದರು ಯಜಮಾನರು.

"ಕೂತಿದೀನಿ."

"ಕೂತಿದೀಯಾ? ಎದ್ದು ಬಾರೋ. ನಾಳೆಯಿಂದ ಅಂಗಡಿ ಕಡೆ ತಲೆ ಹಾಕ್ಬೇಡ."

"ನಾಳೆ ಬರಲ್ಲ. ಇವತ್ತು ಏಳಲ್ಲ. ಎಳೀಬೇಡಿ ಯಜಮಾನ್ರೇ, ನಾನಿನ್ನೂ ಸತ್ತಿಲ್ಲ."

ಫೋನನ್ನು ಕಟ್ ಮಾಡಿ ಪಕ್ಕಕ್ಕೆ ಇಟ್ಟೆ. ಅದು ಮತ್ತೆ ಹೊಡೆದುಕೊಂಡು ಬೆಂಚಿನ ಮೇಲೆ ಗುರ್ರ್ ಅನ್ನುತ್ತ ತಾನೇ ಸರಿದಾಡಿತು. ಕಿಟಕಿಯ ಹಿಂದಿನಿಂದ ನರ್ಸಮ್ಮ ಒಂದು ಸಲ ತಲೆ ಎತ್ತಿ ನನ್ನನ್ನು ನೋಡಿದಳು. ಹೇಗಿದೀರಿ ಅನ್ನುವ ಹಾಗೆ ಕೈ ಮಾಡಿದಳು.

ನಾನು ಕಾಲು ಚಾಚಿದೆ. ಬೆನ್ನು ಒರಗಿಸಿದೆ. ಬಾಯಿ ತುಂಬ ಆಕಳಿಸಿದೆ.